ತೆರೆಯ ಮೇಲಿನ ಬೆಳಕು, ನೋಡುವ ಕಣ್ಣು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸವನ್ನು ಕುರಿತು ಬರೆಯಬಲ್ಲವರು ಹಲವರಿದ್ದಾರೆ. ನಿವೃತ್ತ ಮುಖ್ಯೋಪಾಧ್ಯಾಯನಾದ ನನ್ನಿಂದಲೂ ಸಂಪಾದಕ ಮಂಡಳಿಯವರು ಅಂತಹುದೇ ಒಂದು ಲೇಖನವನ್ನು ನಿರೀಕ್ಷಿಸಿರಬಹುದು. ಆದರೆ ನಾನು ಆರಿಸಿಕೊಂಡಿರುವ ವಿಷಯ ಚಲನಚಿತ್ರ. ಅದರಲ್ಲಿಯೂ ಕ್ಯಾಮರಾ ಮತ್ತು ತಂತ್ರದೃಶ್ಯಗಳು ಪ್ರೇಕ್ಷಕನ ಮೇಲೆ ಯಾವ ರೀತಿಯಲ್ಲಿ ಕೆಲಸಮಾಡುತ್ತವೆ ಎಂಬುದು. ಶಾಲೆಗೂ ಸಿನಿಮಾಕ್ಕೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಿಯಾರು. ನಮ್ಮ ಕಾಸರಗೋಡಿನ ಮಗು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ಆಡುತ್ತದೆ, ಶಾಲೆಯಲ್ಲಿ ಗ್ರಂಥಸ್ಥ ಕನ್ನಡವನ್ನು ಓದುತ್ತದೆ, ಪೇಟೆಗೆ ಹೋದರೆ ಮಲಯಾಳವನ್ನು ಕೇಳುತ್ತದೆ. ಚಿತ್ರಮಂದಿರದಲ್ಲಿ ಮಾತು ಅರ್ಥವಾಗದಿದ್ದರೂ ಕಥೆ ಅರ್ಥವಾಯಿತೆಂದು ಹೇಳುವ ಮಕ್ಕಳನ್ನು ನಾನು ಎಷ್ಟೋ ವರ್ಷ ನೋಡಿದ್ದೇನೆ. ಅವರಿಗೆ ಕಥೆಯನ್ನು ಹೇಳಿದವರಾರು? ಕ್ಯಾಮರಾ. ಅಂದಮೇಲೆ ಅದರ ಭಾಷೆಯನ್ನೂ ಓದಲು ಕಲಿಸುವುದು ಶಾಲೆಯ ಕೆಲಸವೇ ಆಗಿದೆ.

ಸಿನಿಮಾ ಬರುವ ಮೊದಲೂ ನಮ್ಮ ನಾಡಿನವರು ಅದ್ಭುತಗಳನ್ನು ಕಣ್ಣಾರೆ ಕಂಡವರೇ. ‘ದೇವಿಮಹಾತ್ಮೆ’ ಪ್ರಸಂಗದಲ್ಲಿ ಮಹಿಷಾಸುರನು ದೊಂದಿಗಳ ನಡುವೆ, ರಾಳದ ಹುಡಿ ಭಗ್ಗನೆ ಉರಿಯುತ್ತಿರಲು, ಸಭೆಯ ಹಿಂದಿನಿಂದ ಅಬ್ಬರಿಸುತ್ತ ಬರುವಾಗ ತಾಯಿಯ ಸೆರಗಿನೊಳಗೆ ಮುಖ ಮರೆಸಿಕೊಳ್ಳದ ಮಗುವಿರಲಿಲ್ಲ. ಬಣ್ಣ ಹಚ್ಚಿಕೊಂಡವರು ಯಾರೆಂಬುದು ಎಲ್ಲರಿಗೂ ಗೊತ್ತು; ಮರುದಿನ ಅವರೇ ಪೇಟೆಯಲ್ಲಿ ಎದುರಾಗುತ್ತಾರೆ. ಆದರೂ ಆ ಹೊತ್ತಿಗೆ ಅವನು ಮಹಿಷಾಸುರನೇ. ಬಯಲಾಟದಲ್ಲಿ ಪ್ರೇಕ್ಷಕನು ಕುಳಿತ ಜಾಗ ಮಾತ್ರ ಬದಲಾಗುವುದಿಲ್ಲ. ಮುಂದೆ ಚಾಪೆ ಹಾಸಿದವನಿಗೆ ವೇಷ ದೊಡ್ಡದು, ಹಿಂದೆ ಮರದ ಬುಡದಲ್ಲಿ ನಿಂತವನಿಗೆ ಚಿಕ್ಕದು. ಚಲನಚಿತ್ರವು ತಂದ ಮೊದಲ ಕ್ರಾಂತಿ ಇದನ್ನು ಬದಲಿಸಿದ್ದು. ಕ್ಯಾಮರಾ ನಮ್ಮನ್ನು ಕುಳಿತಲ್ಲಿಂದ ಎಬ್ಬಿಸದೆಯೇ ಎತ್ತಿಕೊಂಡು ಹೋಗಿ ಪಾತ್ರಧಾರಿಯ ಮುಖದಿಂದ ಒಂದು ಮೊಳ ದೂರದಲ್ಲಿ ನಿಲ್ಲಿಸುತ್ತದೆ. ಮರುಕ್ಷಣ ಬೆಟ್ಟದ ತುದಿಗೆ ಒಯ್ಯುತ್ತದೆ. ರಂಗದ ನಟನು ಕೊನೆಯ ಸಾಲಿನವನಿಗೂ ಕಾಣುವಂತೆ ಅಳಬೇಕು. ತೆರೆಯ ಮೇಲೆ ಕಣ್ಣಂಚಿನಲ್ಲಿ ಹನಿಯೊಂದು ತುಳುಕಿದರೂ ಸಾಕು. ಹತ್ತಿರವೆಂಬುದೇ ಸಿನಿಮಾದ ಮೊದಲನೆಯ ಮಾಯೆ. ಅದು ಎಷ್ಟು ಅಭ್ಯಾಸವಾಗಿಬಿಟ್ಟಿದೆಯೆಂದರೆ, ಅದನ್ನು ನಾವು ತಂತ್ರವೆಂದು ಎಣಿಸುವುದೇ ಇಲ್ಲ.

ಎರಡನೆಯ ಮಾಯೆ ಚಲನೆ. ಫಿಲ್ಮಿನ ಸುರುಳಿಯಲ್ಲಿ ಚಲಿಸುವುದು ಯಾವುದೂ ಇರಲಿಲ್ಲ. ಇದ್ದದ್ದು ಸ್ಥಿರಚಿತ್ರಗಳ ಸಾಲು. ಮಾತಿನ ಚಿತ್ರಗಳು ಬಂದಮೇಲೆ ಸೆಕೆಂಡಿಗೆ 24 ಚಿತ್ರಗಳೆಂಬುದು ನಿಯಮವಾಯಿತು. 35 ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ ಒಂದಡಿಗೆ 16 ಚಿತ್ರಗಳು. ಆದ್ದರಿಂದ ನಿಮಿಷಕ್ಕೆ 90 ಅಡಿ ಓಡಬೇಕು. ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ಉದ್ದ. ಅದರಲ್ಲಿ ಚಿತ್ರಗಳ ಸಂಖ್ಯೆ 2,16,000. ಒಂದು ಚಿತ್ರ ಸರಿದು ಇನ್ನೊಂದು ಬರುವಾಗ ಪ್ರೊಜೆಕ್ಟರಿನ ಶಟರ್ ಬೆಳಕನ್ನು ತಡೆಯುತ್ತಿತ್ತು. ಮಿನುಗು ಕಾಣದಿರಲೆಂದು ನಿಂತ ಚಿತ್ರವನ್ನೂ ಒಮ್ಮೆ ಮರೆಮಾಡಿ ಎರಡು ಬಾರಿ ತೋರಿಸುತ್ತಿತ್ತು. ಹೀಗಾಗಿ ಎರಡೂವರೆ ಗಂಟೆ ಕುಳಿತ ಪ್ರೇಕ್ಷಕನು ಒಂದು ಗಂಟೆಯಷ್ಟು ಕಾಲ ಬರಿಯ ಕತ್ತಲೆಯನ್ನೇ ನೋಡುತ್ತಿದ್ದನೆಂದರೆ ಆಶ್ಚರ್ಯವಾದೀತು. ಟಿಕೇಟಿನ ಹಣದಲ್ಲಿ ಅರ್ಧಕ್ಕೆ ಕತ್ತಲೆಯನ್ನೇ ಕೊಂಡಂತಾಯಿತು! ಇದನ್ನೆಲ್ಲ ‘ದೃಷ್ಟಿಸಾತತ್ಯ’ ಎಂಬ ಒಂದೇ ಪದದಿಂದ ವಿವರಿಸುವ ರೂಢಿ ಹಿಂದಿನ ಪಠ್ಯಪುಸ್ತಕಗಳಲ್ಲಿತ್ತು. ಮಿನುಗು ಕಾಣದಿರುವುದಕ್ಕೆ ಆ ವಿವರಣೆ ಒಪ್ಪುತ್ತದೆ. ಚಲನೆಯನ್ನು ಕಟ್ಟುವುದು ಮಾತ್ರ ಕಣ್ಣಲ್ಲ, ಮಿದುಳು. ಇಲ್ಲಿದ್ದ ಕೈ ಅಲ್ಲಿ ಕಂಡಾಗ ನಡುವಣ ದಾರಿಯನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಚಲನಚಿತ್ರದ ಅರ್ಧಭಾಗವನ್ನು ಪ್ರೇಕ್ಷಕನೇ ತಯಾರಿಸುತ್ತಾನೆಂದರೆ ಅದು ಅಲಂಕಾರದ ಮಾತಲ್ಲ.

ಈ ಗುಟ್ಟನ್ನು ಮೊದಲಿಗೆ ಹಿಡಿದವರು ಇಂದ್ರಜಾಲದವರೆಂಬುದು ಸ್ವಾರಸ್ಯಕರ. ಫ್ರಾನ್ಸಿನ ಜಾರ್ಜ್ ಮೆಲಿಯೆ ವೃತ್ತಿಯಿಂದ ಜಾದೂಗಾರ. ಕ್ಯಾಮರಾವನ್ನು ನಿಲ್ಲಿಸಿ, ಎದುರಿನ ವ್ಯಕ್ತಿಯನ್ನು ಸರಿಸಿ, ಮತ್ತೆ ಓಡಿಸಿದರೆ ತೆರೆಯ ಮೇಲೆ ಆತ ಮಾಯವಾಗುತ್ತಾನೆ ಎಂಬ ಸರಳ ಉಪಾಯದಿಂದ ಆತ ನೂರಾರು ಕಿರುಚಿತ್ರಗಳನ್ನು ಮಾಡಿದ. 1902ರಲ್ಲಿ ಚಂದ್ರಲೋಕದ ಪ್ರಯಾಣವನ್ನೇ ತೋರಿಸಿದ. ನಮ್ಮ ದಾದಾಸಾಹೇಬ್ ಫಾಲ್ಕೆಯವರಿಗೂ ಜಾದೂವಿನ ಕೈಚಳಕವಿತ್ತು. ಚಿತ್ರ ತೆಗೆಯಲು ಹಣ ಹೊಂದಿಸಬೇಕಾಗಿ ಬಂದಾಗ ಅವರು ಮಾಡಿದ ಮೊದಲ ಕೆಲಸ ನನಗೆ ಬಹಳ ಪ್ರಿಯವಾದುದು. ಬಟಾಣಿಯ ಬೀಜ ಮೊಳೆತು ಗಿಡವಾಗುವುದನ್ನು ದಿನದಿನವೂ ಸ್ವಲ್ಪ ಸ್ವಲ್ಪವೇ ಚಿತ್ರಿಸಿ, ಅದನ್ನೆಲ್ಲ ನಿಮಿಷಮಾತ್ರದಲ್ಲಿ ತೋರಿಸಿದರು. ವಿಜ್ಞಾನದ ಅಧ್ಯಾಪಕನು ವಾರಗಟ್ಟಲೆ ತೋರಿಸಬೇಕಾದುದು ಒಂದೇ ಕ್ಷಣಕ್ಕೆ ಇಳಿದುಬಂತು. 1913ರ ‘ರಾಜಾ ಹರಿಶ್ಚಂದ್ರ’ದ ಬಳಿಕ 1917ರಲ್ಲಿ ‘ಲಂಕಾದಹನ’, 1919ರಲ್ಲಿ ‘ಕಾಲಿಯಮರ್ದನ’ ಬಂದವು. ‘ಕಾಲಿಯಮರ್ದನ’ದಲ್ಲಿ ಕೃಷ್ಣನ ಪಾತ್ರ ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿಯದು. ಚಿತ್ರದ ಆರಂಭದಲ್ಲಿ ಅವರು ಮಗಳ ಮುಖವನ್ನೇ ಮೊದಲು ತೋರಿಸಿ, ಬಳಿಕ ಅವಳು ಕೃಷ್ಣನಾಗುವುದನ್ನು ಕಾಣಿಸಿದ್ದಾರೆ. ಬಯಲಾಟದ ನೀತಿಯೂ ಇದೇ ಅಲ್ಲವೆ? ವೇಷವೆಂದು ತಿಳಿಸಿಯೇ ನಂಬಿಸುವುದು.

‘ಲಂಕಾದಹನ’ದಲ್ಲಿ ರಾಮ ಮತ್ತು ಸೀತೆ ಎರಡೂ ಪಾತ್ರಗಳು ಸಾಳುಂಕೆಯೆಂಬ ಒಬ್ಬನೇ ನಟನವು. ಒಬ್ಬನೇ ನಟ ಎರಡು ಪಾತ್ರಗಳಾಗಿ ಒಂದೇ ಚೌಕಟ್ಟಿನಲ್ಲಿ ಎದುರುಬದುರು ನಿಲ್ಲುವ ಕೌಶಲ ನಮಗೆ ಹೆಚ್ಚು ಪರಿಚಿತವಾದುದು 1977ರ ‘ಬಬ್ರುವಾಹನ’ದಿಂದ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದ ಆ ಚಿತ್ರದಲ್ಲಿ ತಂದೆ ಅರ್ಜುನನೂ ಮಗ ಬಬ್ರುವಾಹನನೂ ಡಾ. ರಾಜಕುಮಾರರೇ. ಇಬ್ಬರೂ ಹಾಡಿನಲ್ಲಿಯೇ ಪರಸ್ಪರ ಮೂದಲಿಸಿಕೊಳ್ಳುವ ದೃಶ್ಯವನ್ನು ಇಂದಿಗೂ ಜನ ಹುಡುಕಿ ನೋಡುತ್ತಾರೆ. ಇಂತಹ ದ್ವಿಪಾತ್ರಗಳಿಗೆ ಫಿಲ್ಮಿನ ಕಾಲದಲ್ಲಿದ್ದ ಸಾಮಾನ್ಯ ಕ್ರಮ ಹೀಗೆ: ಕ್ಯಾಮರಾವನ್ನು ಕೂದಲೆಳೆಯಷ್ಟೂ ಅಲುಗದಂತೆ ಬಿಗಿಯುವುದು, ಮಸೂರದ ಎಡ ಅರ್ಧವನ್ನು ಕಪ್ಪು ತಗಡಿನಿಂದ ಮುಚ್ಚಿ, ಬಲಭಾಗದಲ್ಲಿ ನಟನನ್ನು ನಿಲ್ಲಿಸಿ ಚಿತ್ರಿಸುವುದು, ಅನಂತರ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಬಲ ಅರ್ಧವನ್ನು ಮುಚ್ಚಿ, ವೇಷ ಬದಲಿಸಿದ ಅದೇ ನಟನನ್ನು ಎಡಭಾಗದಲ್ಲಿ ಚಿತ್ರಿಸುವುದು. ನಡುವೆ ಕಾಣದ ಗೆರೆಯೊಂದಿದೆ. ಕೈಯಾಗಲಿ ಗದೆಯಾಗಲಿ ಅದನ್ನು ದಾಟಿದರೆ ತುಂಡಾಗಿ ಮಾಯವಾಗುತ್ತದೆ. ಯಂತ್ರದ ಕೆಲಸ ಇಷ್ಟೇ. ಉಳಿದದ್ದೆಲ್ಲ ನಟನ ಪಾಲಿನದು. ಎದುರಿಗೆ ಯಾರೂ ಇಲ್ಲದ ಬಯಲನ್ನು ನೋಡುತ್ತ, ಅಲ್ಲಿ ತನ್ನ ತಂದೆ ನಿಂತಿದ್ದಾನೆಂದು ಕಣ್ಣು ಕೆಂಪಾಗಿಸಬೇಕು. ಆ ನೋಟ ಸರಿಯಾಗಿ ಇನ್ನೊಬ್ಬನ ಕಣ್ಣಿನ ಮಟ್ಟಕ್ಕೇ ತಾಗಬೇಕು. ಎರಡು ಅಂಗುಲ ತಪ್ಪಿದರೂ ತಂದೆಯ ಕಿರೀಟದೊಡನೆ ಮಾತನಾಡಿದಂತಾಗುತ್ತದೆ.

ಬೆಳಕಿನ ವಿಷಯಕ್ಕೆ ಬರೋಣ. ಕೆ. ವಿ. ರೆಡ್ಡಿಯವರ ‘ಮಾಯಾಬಜಾರ್’ 1957ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ತಯಾರಾಯಿತು. ಕನ್ನಡಕ್ಕೂ ಡಬ್ ಆಗಿ ಬಂದಿತ್ತು. ಘಟೋತ್ಕಚನ ಭೋಜನದ ದೃಶ್ಯವನ್ನು ಎಲ್ಲರೂ ನೆನೆಯುತ್ತಾರೆ. ತಟ್ಟೆಗಳು ತಾವಾಗಿ ಸರಿಯುವುದು, ಲಡ್ಡುಗಳು ಹಾರಿ ಬಾಯಿಗೆ ಬೀಳುವುದು ಮೇಲೆ ಹೇಳಿದ ಬಗೆಯ ಕೈಚಳಕಗಳೇ. ನನ್ನ ಅಭಿಪ್ರಾಯದಲ್ಲಿ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿಯವರ ದೊಡ್ಡ ಸಾಧನೆ ಅದಲ್ಲ, ದೋಣಿವಿಹಾರದ ಬೆಳದಿಂಗಳು. ನಿಜವಾದ ಬೆಳದಿಂಗಳಿನಲ್ಲಿ ಅಂದಿನ ಫಿಲ್ಮಿನ ಮೇಲೆ ಏನೂ ಮೂಡುತ್ತಿರಲಿಲ್ಲ. ಸೂರ್ಯನ ಬೆಳಕಿಗೆ ಹೋಲಿಸಿದರೆ ಹುಣ್ಣಿಮೆಯ ಬೆಳಕು ಲಕ್ಷಗಟ್ಟಲೆ ಪಾಲು ಮಂದ. ಆದ್ದರಿಂದ ಬೆಳದಿಂಗಳನ್ನು ತಯಾರಿಸಬೇಕಿತ್ತು. ಕಪ್ಪುಬಿಳುಪು ಚಿತ್ರಗಳಲ್ಲಿ ಇದಕ್ಕೆ ಹಲವು ಉಪಾಯಗಳಿದ್ದವು. ಮಸೂರದ ಮುಂದೆ ಕೆಂಪು ಗಾಜನ್ನಿಟ್ಟರೆ ನೀಲಿ ಆಕಾಶದ ಬೆಳಕು ಒಳಗೆ ಬರಲಾರದೆ ಆಕಾಶ ಕಪ್ಪಾಗುತ್ತದೆ. ಫಿಲ್ಮಿಗೆ ಬೇಕಾದುದಕ್ಕಿಂತ ಕಡಿಮೆ ಬೆಳಕು ಬಿಟ್ಟರೆ ಹಗಲು ಇಳಿದು ಇರುಳಾಗುತ್ತದೆ. ಸೂರ್ಯನನ್ನು ಪಾತ್ರಗಳ ಹಿಂದೆ ಇಟ್ಟುಕೊಂಡರೆ ಕೂದಲಿನ ಅಂಚೂ ನೀರಿನ ತೆರೆಗಳೂ ಬೆಳ್ಳಿಯಂತೆ ಮಿಂಚುತ್ತವೆ. ಬೆಳದಿಂಗಳಲ್ಲಿ ನೆರಳುಗಳು ಹೇಗಿರುತ್ತವೆ ಎಂಬುದು ಅಂಗಳದಲ್ಲಿ ಮಲಗಿ ಬೆಳೆದ ನಮ್ಮ ತಲೆಮಾರಿಗೆ ಚೆನ್ನಾಗಿ ಗೊತ್ತಿತ್ತು. ಆ ಗೊತ್ತಿರುವಿಕೆಗೆ ಎಲ್ಲಿಯೂ ಅಪಚಾರವಾಗಲಿಲ್ಲವಾದ್ದರಿಂದಲೇ ನಾವು ಒಪ್ಪಿದೆವು. 2008ರಲ್ಲಿ ನಮ್ಮ ‘ಸತ್ಯ ಹರಿಶ್ಚಂದ್ರ’ಕ್ಕೂ 2010ರಲ್ಲಿ ‘ಮಾಯಾಬಜಾರ್’ಗೂ ಕಂಪ್ಯೂಟರಿನಿಂದ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಹೊಸ ಪ್ರೇಕ್ಷಕರು ಬಂದರೆಂಬುದು ಸಂತೋಷವೇ. ಆದರೂ ಬೂದುಬಣ್ಣದ ನೂರು ಛಾಯೆಗಳನ್ನು ಲೆಕ್ಕಹಾಕಿ ಬಿಡಿಸಿದ ಚಿತ್ರಕ್ಕೆ ಮೇಲಿನಿಂದ ಬಣ್ಣ ಬಳಿಯುವುದು ನನಗೆ ರುಚಿಸದು.

ಬೆಳಕನ್ನು ಕುರಿತು ಬರೆಯುವಾಗ ಮೈಸೂರಿನವರಾದ ವಿ. ಕೆ. ಮೂರ್ತಿಯವರನ್ನು ನೆನೆಯದೆ ಮುಂದುವರಿಯಲಾಗದು. 1923ರಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣವನ್ನು ಕಲಿತು, ಮುಂಬಯಿಗೆ ಹೋಗಿ ಗುರುದತ್ತರ ಕಣ್ಣೇ ಆದವರು ಅವರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೇ ಫೂಲ್’ 1959ರಲ್ಲಿ ಬಂದಾಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಅದರಲ್ಲಿ ಬರಿದಾದ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಕಂಬವೊಂದು ಇಳಿಯುತ್ತದೆ. ಅದರ ಎರಡು ಬದಿಗಳಲ್ಲಿ ಒಬ್ಬರನ್ನೊಬ್ಬರು ಸೇರಲಾಗದ ಇಬ್ಬರು. ಆ ಕಂಬವನ್ನು ಸ್ಟುಡಿಯೋದ ದೀಪದಿಂದ ಮಾಡಲಾಗಲಿಲ್ಲ. ದೀಪ ಹತ್ತಿರದ್ದು, ಅದರ ಕಿರಣಗಳು ಬೀಸಣಿಗೆಯಂತೆ ಹರಡಿಕೊಳ್ಳುತ್ತವೆ. ಸೂರ್ಯ ಹದಿನೈದು ಕೋಟಿ ಕಿಲೋಮೀಟರು ಆಚೆಗಿರುವುದರಿಂದ ಅವನ ಕಿರಣಗಳು ಸಮಾಂತರವಾಗಿಯೇ ಬರುತ್ತವೆ. ಮೂರ್ತಿಯವರು ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿಯನ್ನಿಟ್ಟು, ಒಳಗೆ ಮೇಲ್ಗಡೆ ಇನ್ನೊಂದನ್ನಿಟ್ಟು, ಸೂರ್ಯನನ್ನೇ ಸ್ಟುಡಿಯೋದೊಳಕ್ಕೆ ಕರೆದುತಂದರು. ಮಂಗಳೂರು ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಡುಗೆಮನೆಯ ಗಾಜಿನ ಹಂಚಿನಿಂದ ಇಳಿಯುವ ಬಿಸಿಲಕೋಲು ಒಲೆಯ ಹೊಗೆಯಲ್ಲಿ ಹೇಗೆ ಗಟ್ಟಿಯಾಗಿ ನಿಲ್ಲುತ್ತಿತ್ತೆಂಬುದು ಅವರ ಕಣ್ಣಲ್ಲಿದೆ. ಬೆಳಕು ತಾನಾಗಿ ಕಾಣುವಂಥದಲ್ಲ. ಹೊಗೆಯ, ದೂಳಿನ ಕಣಗಳಿಗೆ ತಾಗಿ ಚದರಿದಾಗ ಕಾಣುತ್ತದೆ. ಅಷ್ಟನ್ನು ಆರನೆಯ ತರಗತಿಯ ಪಾಠವೂ ಹೇಳುತ್ತದೆ. ಅದನ್ನು ಇಬ್ಬರ ನಡುವಣ ಅಗಲಿಕೆಯನ್ನಾಗಿ ಮಾಡಿದ್ದು ಮೂರ್ತಿಯವರ ಪ್ರತಿಭೆ. ಛಾಯಾಗ್ರಾಹಕರಲ್ಲಿ ಮೊತ್ತಮೊದಲಿಗರಾಗಿ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು ಅವರು. ಕನ್ನಡದಲ್ಲಿ ಅವರ ಕೆಲಸವನ್ನು ನೋಡಬಯಸುವವರು 1993ರ ‘ಹೂವು ಹಣ್ಣು’ ಚಿತ್ರವನ್ನು ನೋಡಬಹುದು.

ಸಿನಿಮಾಸ್ಕೋಪ್ ಎಂದರೇನೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಳೆಯ ತೆರೆ ಹೆಚ್ಚುಕಡಿಮೆ ನಾಲ್ಕಕ್ಕೆ ಮೂರರ ಪ್ರಮಾಣದ್ದು. ಅಮೇರಿಕದಲ್ಲಿ ಟೆಲಿವಿಷನ್ ಮನೆಮನೆಗೆ ಬಂದು ಚಿತ್ರಮಂದಿರಗಳು ಬರಿದಾಗತೊಡಗಿದಾಗ, ಮನೆಯಲ್ಲಿ ಸಿಗದುದನ್ನು ಕೊಡಬೇಕೆಂದು 1953ರಲ್ಲಿ ತೆರೆಯನ್ನು ಅಗಲಗೊಳಿಸಿದರು. ಫಿಲ್ಮು ಅದೇ. ವಿಶೇಷ ಮಸೂರವೊಂದು ಅಗಲದ ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಒತ್ತಿ ಫಿಲ್ಮಿನಲ್ಲಿ ತುಂಬುತ್ತದೆ. ಪ್ರೊಜೆಕ್ಟರಿನ ಮುಂದಿರುವ ಇನ್ನೊಂದು ಮಸೂರ ಅದನ್ನು ಮತ್ತೆ ಬಿಡಿಸುತ್ತದೆ. ಕನ್ನಡಕ್ಕೆ ಇದು ಬಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’ದಲ್ಲಿ. ಆ ಎರಡನೆಯ ಮಸೂರವನ್ನು ಹಾಕಲು ಆಪರೇಟರನು ಮರೆತರೆ ತೆರೆಯ ಮೇಲೆ ಎಲ್ಲರೂ ಅಡಿಕೆಮರದಂತೆ ನೀಳವಾಗಿ ಕಾಣುತ್ತಿದ್ದರು, ಸಿಳ್ಳೆಗಳಿಗೆ ಕೊರತೆಯಿರುತ್ತಿರಲಿಲ್ಲ.

1984 ನಮ್ಮ ಜಿಲ್ಲೆ ಹುಟ್ಟಿದ ವರ್ಷ. ಅದೇ ವರ್ಷ ಆಗಸ್ಟಿನಲ್ಲಿ ಜಿಜೋ ಅವರ ನಿರ್ದೇಶನದ ‘ಮೈ ಡಿಯರ್ ಕುಟ್ಟಿಚಾತ್ತನ್’ ಎಂಬ ಮಲಯಾಳ ಚಿತ್ರ ಬಿಡುಗಡೆಯಾಯಿತು. ಭಾರತದಲ್ಲಿ ತಯಾರಾದ ಮೊದಲ ತ್ರೀಡಿ ಚಿತ್ರವದು. ಅದು ನಮ್ಮ ಕಡೆಗೆ ಬಂದಾಗ ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಮಲಯಾಳ ಸರಿಯಾಗಿ ತಿಳಿಯದು. ಕೊಟ್ಟ ಕನ್ನಡಕವನ್ನು ಹಾಕಿಕೊಂಡು, ತೆರೆಯಿಂದ ಹೊರಬಂದ ವಸ್ತುಗಳನ್ನು ಹಿಡಿಯಲು ಸಾಲುಸಾಲಾಗಿ ಕೈಚಾಚಿದ ಅವರನ್ನು ನೋಡುವುದರಲ್ಲಿಯೇ ನನಗೆ ಚಿತ್ರದ ಅರ್ಧ ಕಳೆದುಹೋಯಿತು. ಮರುದಿನ ತರಗತಿಯಲ್ಲಿ ಪ್ರಶ್ನೆಗಳ ಸುರಿಮಳೆ. ಚಿತ್ರದಲ್ಲಿ ಮಕ್ಕಳು ಕೋಣೆಯ ಗೋಡೆಯನ್ನೇರಿ, ಮಾಡಿನ ಮೇಲೆ ತಲೆಕೆಳಗಾಗಿ ನಡೆದು, ಇನ್ನೊಂದು ಗೋಡೆಯಿಂದ ಇಳಿಯುವ ಹಾಡೊಂದಿದೆ. “ಮಾಷ್ಟ್ರೇ, ಅವರು ಬೀಳುವುದಿಲ್ಲವಾ? ಕಾಲಿಗೆ ಅಂಟು ಹಾಕಿದ್ದಾರಾ?” ಎಂದು ಒಬ್ಬ ಹುಡುಗ ಕೇಳಿದ. ಸೀಮೆಸುಣ್ಣದ ಖಾಲಿ ಪೆಟ್ಟಿಗೆಯೊಳಗೆ ಒಂದು ಗೋಲಿಯನ್ನು ಹಾಕಿ, ಪೆಟ್ಟಿಗೆಯನ್ನು ಮೆಲ್ಲನೆ ಉರುಳಿಸಿ ತೋರಿಸಿದೆ. ಗೋಲಿ ಯಾವಾಗಲೂ ಕೆಳಗೇ ಇರುತ್ತದೆ, ತಿರುಗುವುದು ಪೆಟ್ಟಿಗೆ. “ಈಗ ನೀನೊಂದು ನೊಣವಾಗಿ ಈ ಪೆಟ್ಟಿಗೆಯ ಒಳಬದಿಗೆ ಅಂಟಿಕೊಂಡಿದ್ದೀ ಎಂದು ಭಾವಿಸು. ಪೆಟ್ಟಿಗೆಯೊಡನೆ ನೀನೂ ತಿರುಗುತ್ತೀ. ಆಗ ನಿನಗೆ ಪೆಟ್ಟಿಗೆ ನಿಂತಂತೆಯೂ ಗೋಲಿಯೇ ಗೋಡೆಯನ್ನು ಹತ್ತಿದಂತೆಯೂ ಕಾಣುತ್ತದೆ” ಎಂದೆ. ಆ ನೊಣವೇ ಕ್ಯಾಮರಾ. ಇಡೀ ಕೋಣೆಯನ್ನು ತಿರುಗುವಂತೆ ಕಟ್ಟಿ, ಕ್ಯಾಮರಾವನ್ನು ಅದಕ್ಕೇ ಬಿಗಿದಿದ್ದರು. 1951ರ ಅಮೇರಿಕನ್ ಚಿತ್ರವೊಂದರಲ್ಲಿ ಫ್ರೆಡ್ ಆಸ್ಟೇರ್ ಎಂಬ ನರ್ತಕನಿಗಾಗಿ ಮಾಡಿದ ಉಪಾಯವೂ ಇದೇ.

ತ್ರೀಡಿಯ ಗುಟ್ಟು ಇನ್ನೂ ಸರಳ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿದೆ. ಎರಡೂ ಕಣ್ಣುಗಳು ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಕಡೆಯಿಂದ ಕಾಣುತ್ತವೆ. ಆ ವ್ಯತ್ಯಾಸದಿಂದಲೇ ಮಿದುಳು ದೂರವನ್ನು ಅಳೆಯುತ್ತದೆ. ಒಂದು ಕಣ್ಣನ್ನು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಪ್ರಯತ್ನಿಸಿದರೆ ಇದು ತಿಳಿಯುತ್ತದೆ. ಹಾಗೆಯೇ ಎರಡು ಮಸೂರಗಳಿಂದ ಎರಡು ಚಿತ್ರಗಳನ್ನು ತೆಗೆದು, ಒಂದನ್ನು ಬಲಗಣ್ಣಿಗೆ, ಇನ್ನೊಂದನ್ನು ಎಡಗಣ್ಣಿಗೆ ಮಾತ್ರ ಮುಟ್ಟಿಸುವುದು ಆ ಕನ್ನಡಕದ ಕೆಲಸ. ಇದಕ್ಕೆ ಬೆಳ್ಳಿಬಣ್ಣ ಬಳಿದ ತೆರೆಯೇ ಬೇಕು; ಸಾಮಾನ್ಯ ಬಿಳಿತೆರೆಗೆ ತಾಗಿದರೆ ಎರಡು ಬೆಳಕುಗಳು ಬೆರೆತುಹೋಗುತ್ತವೆ.

ಇಷ್ಟು ಹೊತ್ತು ಹೇಳಿದ್ದು ಕಣ್ಣಿನ ಮಾತಾಯಿತು. ಕಣ್ಣಿಗಿಂತ ಹೆಚ್ಚು ಕಟ್ಟುನಿಟ್ಟಾದ ಪರೀಕ್ಷಕನೊಬ್ಬ ನಮ್ಮೊಳಗಿದ್ದಾನೆ. ಮರದಿಂದ ಬೀಳುವ ತೆಂಗಿನಕಾಯಿಯನ್ನು ಹುಟ್ಟಿದಂದಿನಿಂದ ನೋಡಿದವರಿಗೆ ವಸ್ತುಗಳು ಎಷ್ಟು ವೇಗದಿಂದ ಬೀಳುತ್ತವೆಂಬುದನ್ನು ಕಲಿಸಬೇಕಾಗಿಲ್ಲ. ಅದು ಮೈಗೆ ಗೊತ್ತು. ಮಾದರಿಗಳನ್ನಿಟ್ಟುಕೊಂಡು ಚಿತ್ರಿಸುವವರಿಗೆ ಇದೇ ತೊಡಕು. 64 ಅಡಿ ಎತ್ತರದ ಗೋಪುರದಿಂದ ಕಲ್ಲೊಂದು ನೆಲ ಮುಟ್ಟಲು ಎರಡು ಸೆಕೆಂಡು ಬೇಕು. ಅದೇ ಗೋಪುರದ ನಾಲ್ಕಡಿಯ ಮಾದರಿಯಿಂದ ಬಿದ್ದರೆ ಅರ್ಧ ಸೆಕೆಂಡು ಸಾಕು. ಮಾದರಿಯನ್ನು ಹಾಗೆಯೇ ಚಿತ್ರಿಸಿದರೆ ಗೋಪುರ ಆಟಿಕೆಯಂತೆ ಪಟಕ್ಕನೆ ಕುಸಿಯುತ್ತದೆ, ಪ್ರೇಕ್ಷಕರು ನಗುತ್ತಾರೆ. ಆದ್ದರಿಂದ ಸೆಕೆಂಡಿಗೆ 24ರ ಬದಲು 96 ಚಿತ್ರಗಳನ್ನು ತೆಗೆದು, 24ರ ವೇಗದಲ್ಲಿಯೇ ತೋರಿಸಬೇಕು. ಆಗ ಅರ್ಧ ಸೆಕೆಂಡು ಎರಡು ಸೆಕೆಂಡಿಗೆ ಹಿಗ್ಗಿ ನಾಲ್ಕಡಿಯ ಗೋಪುರಕ್ಕೆ 64 ಅಡಿಯ ತೂಕ ಬರುತ್ತದೆ. ಮಾದರಿ ಹದಿನಾರರಲ್ಲಿ ಒಂದು ಪಾಲಾದರೆ ವೇಗ ನಾಲ್ಕು ಪಟ್ಟು, ವರ್ಗಮೂಲದ ಲೆಕ್ಕ. ವರ್ಗಮೂಲವನ್ನು ಏಕೆ ಕಲಿಯಬೇಕೆಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಪ್ರವಾಸದಲ್ಲಿ ಜೋಗವನ್ನು ನೋಡಿದ ಮಕ್ಕಳು ನೀರು ತೇಲಿ ತೇಲಿ ಇಳಿಯುತ್ತದೆಂದು ಹೇಳುತ್ತಿದ್ದರು. 830 ಅಡಿ ಇಳಿಯಲು ಗಾಳಿಯ ತಡೆಯನ್ನು ಬಿಟ್ಟರೂ ಏಳು ಸೆಕೆಂಡುಗಳಾಗುತ್ತವೆ. ನಿಧಾನವಾಗಿ ಇಳಿಯುವಂತೆ ಕಂಡುದೇ ಎತ್ತರದ ಅಳತೆ.

ಕಂಪ್ಯೂಟರ್ ಬಂದಮೇಲೆ ಎಲ್ಲವೂ ಸುಲಭವಾಯಿತೆಂದು ಹಲವರು ತಿಳಿದಿದ್ದಾರೆ. 1993ರ ‘ಜುರಾಸಿಕ್ ಪಾರ್ಕ್’ ಚಿತ್ರವನ್ನು ಕಂಪ್ಯೂಟರ್ ಮಾಯೆಯ ಆರಂಭವೆಂದು ಹೇಳುವುದುಂಟು. ಎರಡು ಗಂಟೆಗಳಿಗೂ ಮಿಕ್ಕಿದ ಆ ಚಿತ್ರದಲ್ಲಿ ಡೈನೋಸಾರುಗಳು ಕಾಣುವುದು ಹದಿನೈದು ನಿಮಿಷಗಳಷ್ಟು ಮಾತ್ರ. ಅದರಲ್ಲಿಯೂ ಕಂಪ್ಯೂಟರಿನ ಪಾಲು ಆರು ನಿಮಿಷದಷ್ಟು. ಉಳಿದವು ಯಂತ್ರದಿಂದ ಅಲುಗುವ ಬೊಂಬೆಗಳು. ಆ ಚಿತ್ರದ ಅತ್ಯಂತ ಭಯಾನಕ ಕ್ಷಣದಲ್ಲಂತೂ ಪ್ರಾಣಿಯೇ ಇಲ್ಲ. ಲೋಟದ ನೀರಿನಲ್ಲಿ ವೃತ್ತಾಕಾರದ ಅಲೆಗಳು ಮೂಡುತ್ತವೆ, ಅಷ್ಟೆ. ದೂರದಲ್ಲೆಲ್ಲೋ ಭಾರವಾದುದೊಂದು ಹೆಜ್ಜೆಯಿಡುತ್ತಿದೆ. ಆ ಅಲೆಗಳನ್ನು ಎಬ್ಬಿಸಿದ್ದು ಲೋಟದ ಕೆಳಗೆ ಬಿಗಿದ ಗಿಟಾರಿನ ತಂತಿ. ಅದನ್ನು ಮೀಟಿದರೆ ನೀರು ನಡುಗುತ್ತಿತ್ತು. ಕೋಟಿಗಟ್ಟಲೆ ವೆಚ್ಚದ ಚಿತ್ರದಲ್ಲಿ ಒಂದು ತಂತಿಯ ಕೆಲಸ!

ಇಂದು ನಟರನ್ನು ಹಸುರು ಪರದೆಯ ಮುಂದೆ ನಿಲ್ಲಿಸಿ, ಬಳಿಕ ಹಸುರಿದ್ದಲ್ಲೆಲ್ಲ ಬೇರೆ ದೃಶ್ಯವನ್ನು ಕೂರಿಸುತ್ತಾರೆ. ಹಸುರೇ ಏಕೆಂದರೆ ಅದು ಮನುಷ್ಯನ ಮೈಬಣ್ಣದಿಂದ ದೂರವಾದುದು. ಮೇಲಾಗಿ ಇಂದಿನ ಕ್ಯಾಮರಾಗಳು ಹಸುರನ್ನು ಹೆಚ್ಚು ಸೂಕ್ಷ್ಮವಾಗಿ ಗ್ರಹಿಸುತ್ತವೆ. ಬಬ್ರುವಾಹನನ ಕಾಲದ ಕಪ್ಪು ತಗಡಿನ ಮೊಮ್ಮಗನೇ ಈ ಹಸುರು ಪರದೆ. ವ್ಯತ್ಯಾಸವೆಂದರೆ ಈಗ ಗೆರೆಯನ್ನು ದಾಟಬಹುದು, ಕ್ಯಾಮರಾವನ್ನೂ ಓಡಿಸಬಹುದು. 2015ರ ‘ಬಾಹುಬಲಿ’ಯ ಜಲಪಾತಕ್ಕೆ ನಮ್ಮ ಕೇರಳದ ಅತಿರಪ್ಪಿಳ್ಳಿಯಲ್ಲಿಯೂ ಚಿತ್ರೀಕರಣವಾಗಿತ್ತು. ಸುಮಾರು 80 ಅಡಿಯ ಆ ಜಲಪಾತ ತೆರೆಯ ಮೇಲೆ ಮುಗಿಲು ಮುಟ್ಟುವಂತಾದಾಗ ನೀರೂ ಜೋಗದಂತೆ ನಿಧಾನವಾಗಿ ಇಳಿಯಬೇಕು, ಹನಿಗಳು ಮಂಜಾಗಬೇಕು. ಅಷ್ಟು ಲಕ್ಷ್ಯವಿಟ್ಟು ಮಾಡಿದಲ್ಲಿ ನಂಬುತ್ತೇವೆ. ಆದರೆ ಈಚೆಗೆ ಬರುವ ಅನೇಕ ಚಿತ್ರಗಳಲ್ಲಿ ಮನುಷ್ಯರು ಹತ್ತಿಯಂತೆ ಹಾರುತ್ತಾರೆ, ಲಾರಿಗಳು ಬೆಂಕಿಪೊಟ್ಟಣದಂತೆ ಪಲ್ಟಿಹೊಡೆಯುತ್ತವೆ. ಎರಡನೆಯ ಲಾರಿಗಾಗುವಾಗ ಆಕಳಿಕೆ ಬರುತ್ತದೆ. ಯಂತ್ರ ಬಡವಾಗಿದ್ದಾಗ ಯೋಚನೆ ಸಿರಿವಂತವಾಗಿತ್ತೆಂದು ಹೇಳುವ ಮುದುಕರ ಸಾಲಿಗೆ ನನ್ನನ್ನು ಸೇರಿಸಬಾರದು. 2022ರ ‘ಕಾಂತಾರ’ವನ್ನು ನಾನು ನೋಡಿದ್ದು ಎಪ್ಪತ್ತು ದಾಟಿದ ಮೇಲೆ. ದೈವದ ಕೋಲವನ್ನು ನೂರು ಸಲ ಅಂಗಳದಂಚಿನಲ್ಲಿ, ಭಕ್ತಿಯಿಂದ ದೂರ ನಿಂತು ಕಂಡವನು ನಾನು. ಕ್ಯಾಮರಾ ಆ ಮುಖದ ಹತ್ತಿರಕ್ಕೆ ಕೊಂಡೊಯ್ದಾಗ ಕೈಗಳು ತಾವಾಗಿಯೇ ಜೋಡಿಸಿಕೊಂಡವು. ಅಕ್ಕಪಕ್ಕದಲ್ಲಿದ್ದವರದೂ ಅದೇ ಸ್ಥಿತಿ.

ಚಿತ್ರಮಂದಿರದಲ್ಲಿ ಟಿಕೇಟು ಕೊಂಡು ಒಳಹೊಕ್ಕವನಿಗೆ ತಾನು ನೋಡುತ್ತಿರುವುದು ಕಟ್ಟಿದ ಕಥೆಯೆಂಬ ಅರಿವಿರುತ್ತದೆ. ಅಂಗೈಯ ಮೊಬೈಲಿನಲ್ಲಿ ಆ ಬಾಗಿಲಿಲ್ಲ. ಕೆಲವು ವರ್ಷಗಳ ಹಿಂದೆ ಆಟಿಯ ಜಡಿಮಳೆಯ ಒಂದು ರಾತ್ರಿ, ನಮ್ಮ ಹೊಳೆ ದಂಡೆ ಮೀರಿ ಪೇಟೆಗೆ ನುಗ್ಗಿತೆಂಬ ವೀಡಿಯೋ ಒಂದು ಊರಿಡೀ ಹರಿದಾಡಿತು. ಹೊಳೆಯ ಬದಿಯಲ್ಲಿ ಒಬ್ಬಂಟಿಯಾಗಿರುವ ವೃದ್ಧೆಯೊಬ್ಬರು ಅದನ್ನು ನೋಡಿ, ದನವನ್ನು ಬಿಚ್ಚಿಬಿಟ್ಟು, ಗಂಟು ಕಟ್ಟಿಕೊಂಡು ಮಳೆಯಲ್ಲಿ ಹೊರಟುನಿಂತಿದ್ದರು. ನೆರೆಮನೆಯ ಹುಡುಗ, ನಮ್ಮ ಶಾಲೆಯ ಹಳೆ ವಿದ್ಯಾರ್ಥಿ, ಅದನ್ನು ನನಗೆ ತಂದು ತೋರಿಸಿದ. ಎರಡು ಸಲ ನೋಡಿದೆವು. ದಂಡೆಯಲ್ಲಿ ಒಂದೂ ತೆಂಗಿನಮರವಿಲ್ಲ. ಸೇತುವೆಯ ಮೇಲೆ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತಿವೆ. ಯಾವುದೋ ಪರದೇಶದ ನೆರೆ. ಹುಡುಗ ಕೊಡೆ ಹಿಡಿದು ಓಡಿದ; ಅಜ್ಜಿಯನ್ನು ಮನೆಯೊಳಕ್ಕೆ ಕಳುಹಿಸಿ, ದನವನ್ನು ಹುಡುಕಿ ಕಟ್ಟುವಾಗ ನಡುರಾತ್ರಿ ದಾಟಿತ್ತು. ಅಂದು ಆ ವೀಡಿಯೋ ಕೃತಕವಾದುದಲ್ಲ, ಸುಳ್ಳು ಹೆಸರು ಹೊತ್ತದ್ದು. ಈಗಂತೂ ನಡೆಯದ ನೆರೆಯನ್ನೇ, ಆಡದ ಮಾತನ್ನೇ ಕಂಪ್ಯೂಟರ್ ಬಿಡಿಸಿ ಕೊಡುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಗೆ ಹಿಂದೆಂದಿಗಿಂತಲೂ ಹೆಚ್ಚು ಕೆಲಸವಿದೆ. ಬೆಳಕು ಯಾವ ಕಡೆಯಿಂದ ಬಿದ್ದಿದೆ, ನೆರಳು ಅದಕ್ಕೆ ಒಪ್ಪುತ್ತದೆಯೆ, ಬಿದ್ದದ್ದು ತನ್ನ ತೂಕಕ್ಕೆ ತಕ್ಕಂತೆ ಬಿದ್ದಿತೆ, ಕ್ಯಾಮರಾ ಹಿಡಿದವನು ಎಲ್ಲಿ ನಿಂತಿದ್ದ, ಚೌಕಟ್ಟಿನ ಹೊರಗೆ ಏನಿತ್ತು ಎಂಬ ಪ್ರಶ್ನೆಗಳಿಗೆ ಸಿನಿಮಾದ ಗುಟ್ಟುಗಳನ್ನು ತಿಳಿದ ಮಗು ಸಹಜವಾಗಿಯೇ ಬರುತ್ತದೆ. ಸುಳ್ಳನ್ನೆಲ್ಲ ಇವು ಹಿಡಿದುಕೊಡುತ್ತವೆಂದು ನಾನು ಹೇಳಲಾರೆ. ಆದರೆ ಗಾಬರಿಬೀಳುವ ಮೊದಲು ಎರಡನೆಯ ಸಲ ನೋಡುವಂತೆ ಮಾಡುತ್ತವೆ.

ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ‘ಲಿಟಲ್ ಕೈಟ್ಸ್’ ಎಂಬ ಸಂಘಗಳು ನಡೆಯುತ್ತಿದ್ದು, ಮಕ್ಕಳಿಗೆ ಅನಿಮೇಷನನ್ನೂ ಕ್ಯಾಮರಾ ಬಳಕೆಯನ್ನೂ ಕಲಿಸುತ್ತವೆ. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ನನ್ನದೊಂದು ಸಲಹೆ. ತರಗತಿಯ ಪ್ರೊಜೆಕ್ಟರಿನಲ್ಲಿ ‘ಬಬ್ರುವಾಹನ’ದ ಆ ದೃಶ್ಯವನ್ನು ಹಾಕಿ, ಅರ್ಜುನನೂ ಬಬ್ರುವಾಹನನೂ ಒಂದೇ ಚೌಕಟ್ಟಿನಲ್ಲಿ ಬಂದಾಗ ನಿಲ್ಲಿಸಿ, ಗೆರೆ ಎಲ್ಲಿದೆಯೆಂದು ಹುಡುಕಲು ಮಕ್ಕಳಿಗೆ ಹೇಳಿರಿ. ಕಂಬ, ಮೆಟ್ಟಿಲು, ನೆರಳು ಯಾವುದರ ಹಿಂದೆ ಅದನ್ನು ಮರೆಮಾಡಿರಬಹುದೆಂದು ಅವರು ವಾದಿಸಲಿ. ಆಮೇಲೆ ಮತ್ತೆ ಮೊದಲಿನಿಂದ, ನಿಲ್ಲಿಸದೆ, ಪೂರ್ತಿ ಹಾಡನ್ನು ತೋರಿಸಿರಿ.